ಅವರೂ ನೀರು ಚೆಲ್ಲಿ ಮಗುವನ್ನು ಶಾಲೆಗೆ ಕಳಿಸುತ್ತಾರೆ

ಪ್ರಶ್ನೆ: ಅಕ್ಕಾ, ನಮ್ಮ ಯಜಮಾನರಿಗೆ ಬಲ್ಗೇರಿಯಾದ ಕಜಾನ್ಲಕ್ ಊರಲ್ಲಿ ಕೆಲಸ ಸಿಕ್ಕಿದೆ. ಆಗಸ್ಟ್‌ನಲ್ಲಿ ಹೊರಡಬೇಕು. ಮಗ ಐದನೇ ಕ್ಲಾಸು. ಅಲ್ಲಿನ ಭಾಷೆ ಗೊತ್ತಿಲ್ಲ, ನಮ್ಮವರು ಯಾರೂ ಇಲ್ಲ. ಒಂಟಿಯಾಗ್ತಾನಾ, ಕನ್ನಡ ಮರೀತಾನಾ ಅಂತ ರಾತ್ರಿ ನಿದ್ದೆ ಇಲ್ಲ. ಮಗಳ ಮನೆಗೆಂದು ಹೋಗಿ ಅಲ್ಲಿ ಒಂದು ವರ್ಷ ಇದ್ದೆ ಎಂದು ನೀವು ಹಿಂದೆ ಬರೆದಿದ್ದಿರಿ. ಏನೇನು ತಿಳಿದಿರಬೇಕು?
— ಒಬ್ಬ ತಾಯಿ, ಗದಗ

ಉತ್ತರ: ತಂಗಿ, ಧಾರವಾಡದಿಂದ ಹೊರಟಾಗ ನನಗೂ ಇದೇ ಭಯ ಇತ್ತು. ಅದು ಹೋಗಿದ್ದು ಶಾಲೆಯ ಮೊದಲ ದಿನವೇ.

ಅಲ್ಲಿ ಶಾಲೆ ಶುರುವಾಗುವುದು ಸೆಪ್ಟೆಂಬರ್ 15ಕ್ಕೆ. ಅವತ್ತು ನನ್ನ ಮೊಮ್ಮಗಳು ಚೀಲ ಹಾಕಿಕೊಂಡು ಹೊರಟಳು. ಎದುರು ಮನೆಯ ಅಜ್ಜಿ ತಾಮ್ರದ ಪುಟ್ಟ ಕೊಡದಲ್ಲಿ ನೀರು ತುಂಬಿ, ಅದರೊಳಗೆ ಒಂದು ಹೂವು ಹಾಕಿ ತಂದು, ನಮ್ಮ ಹೊಸ್ತಿಲ ಮುಂದೆ ಚೆಲ್ಲಿದರು. ನೀರು ಹರಿದ ಹಾಗೆ ಓದು ಸರಾಗವಾಗಿ ಸಾಗಲಿ ಅಂತ. ನಾನು ಆ ಅಜ್ಜಿಯ ಕೈ ಹಿಡಿದುಕೊಂಡೆ. ಮಾತು ಬೇಕಾಗಲಿಲ್ಲ.

ಅವತ್ತು ಮಕ್ಕಳೆಲ್ಲ ಟೀಚರ್‌ಗೆ ಹೂವು ಒಯ್ಯುತ್ತಾರೆ. ನೀವೂ ಕೊಟ್ಟು ಕಳಿಸಿ. ಆದರೆ ಹೂವು ಮೂರು, ಐದು, ಏಳು ಹೀಗೆ ಇರಲಿ. ಎರಡು, ನಾಲ್ಕು ಅಂದರೆ ಸತ್ತವರಿಗೆ ಇಡುವುದು. ಇದನ್ನು ಮರೆಯಬೇಡಿ.

ಇನ್ನೊಂದು ಮಾತು ಮಗನಿಗೆ ಈಗಲೇ ಹೇಳಿಕೊಡಿ. ಅಲ್ಲಿ ತಲೆಯನ್ನು ಆ ಕಡೆ ಈ ಕಡೆ ಅಲ್ಲಾಡಿಸಿದರೆ ಹೌದು, ಮೇಲೆ ಕೆಳಗೆ ಆಡಿಸಿದರೆ ಇಲ್ಲ. ಟೀಚರ್ "ಅರ್ಥ ಆಯ್ತಾ" ಅಂದಾಗ ಇವನು ತಲೆ ಮೇಲೆ ಕೆಳಗೆ ಆಡಿಸಿದರೆ ಮತ್ತೆ ಮೊದಲಿಂದ ಹೇಳಿಕೊಡ್ತಾರೆ. ಬಾಯಲ್ಲೇ "ದಾ" ಅಂದುಬಿಡಲಿ, ಹೌದು ಅಂತ. ಅಂಕ 2ರಿಂದ 6ರವರೆಗೆ. 6 ಬಂದರೆ ಬಹಳ ಚೆನ್ನಾಗಿ ಓದಿದ್ದಾನೆ ಅಂತ, 2 ಅಂದರೆ ಫೇಲು.

ಊಟದ ಚಿಂತೆ ಅಷ್ಟು ಬೇಡ. ಮೊಸರು ಗಟ್ಟಿ, ರುಚಿ. ಲ್ಯುತೆನಿತ್ಸಾ ಅಂತ ಕೆಂಪು ದೊಣ್ಣೆ ಮೆಣಸಿನಕಾಯಿ, ಟೊಮೆಟೊ ಹಾಕಿ ಮಾಡುವ ಚಟ್ನಿ ಇದೆ, ನೋಡಲು ನಮ್ಮ ರಂಜಕವೇ. ಖಾರ ಮಾತ್ರ ಸಾಲದು, ಶೇಂಗಾ ಚಟ್ನಿಪುಡಿ ಜಾಸ್ತಿ ಒಯ್ಯಿರಿ. ಬಾನಿತ್ಸಾ ಅನ್ನುವ ತಿಂಡಿಯಲ್ಲಿ ಮೊಟ್ಟೆ ಇರುತ್ತದೆ, ತಿನ್ನದವರಾದರೆ ಕೇಳಿಕೊಳ್ಳಿ.

ಗೆಳೆಯರು ಸಿಗ್ತಾರಾ ಅಂತೀರಲ್ವಾ? ಮಾರ್ಚ್ 1 ಬರಲಿ, ನೋಡಿ. ಕೆಂಪು ಬಿಳಿ ದಾರದ ಮಾರ್ತೆನಿತ್ಸಾವನ್ನು ಒಬ್ಬರಿಗೊಬ್ಬರು ಕಟ್ಟುತ್ತಾರೆ, ಆರೋಗ್ಯವಾಗಿರು ಅಂತ. ದಸರೆಗೆ ನಾವು ಬನ್ನಿ ಕೊಟ್ಟು "ಬಂಗಾರದಂಗ ಇರೋಣ" ಅನ್ನುವುದಿಲ್ವಾ, ಹಾಗೇ. ಮೊಮ್ಮಗಳು ಅವತ್ತು ಮೊಣಕೈವರೆಗೂ ದಾರ ಕಟ್ಟಿಸಿಕೊಂಡು ಬಂದಿದ್ದಳು. ಕೊಕ್ಕರೆಯನ್ನೋ ಹೂ ಬಿಟ್ಟ ಮರವನ್ನೋ ಕಾಣುವ ತನಕ ಬಿಚ್ಚುವ ಹಾಗಿಲ್ಲ. ಆಮೇಲೆ ಅದನ್ನು ಮರದ ಕೊಂಬೆಗೆ ಕಟ್ಟುತ್ತಾರೆ. ನಿಮ್ಮ ಮಗ ಕೊಡಲಿಕ್ಕೆ ಒಂದು ಹಿಡಿ ದಾರ ಮೊದಲೇ ತಂದಿಡಿ.

ಕನ್ನಡ ಮರೆಯುವ ಊರಲ್ಲ ಅದು. ಅಲ್ಲಿ ಅಕ್ಷರಕ್ಕೇ ಹಬ್ಬ ಇದೆ, ಮೇ 24ಕ್ಕೆ. ಸ್ಲಾವ್ ಭಾಷೆಗಳಿಗೆ ಮೊದಲು ಅಕ್ಷರ ಮಾಡಿಕೊಟ್ಟ ಸಿರಿಲ್, ಮೆಥೋಡಿಯಸ್ ಅನ್ನುವ ಅಣ್ಣತಮ್ಮಂದಿರನ್ನು ನೆನೆದು, ಇಡೀ ದೇಶಕ್ಕೆ ರಜೆ ಕೊಡುತ್ತಾರೆ. ಆ ದಿನ ಮಗನ ಹತ್ತಿರ ಅವನ ಹೆಸರನ್ನು ಎರಡೂ ಲಿಪಿಯಲ್ಲಿ ಬರೆಸಿ ಬಾಗಿಲಿಗೆ ಹಚ್ಚಿ. ನನ್ನ ಮೊಮ್ಮಗಳು ಬರೆದದ್ದನ್ನು ನೋಡಿ ಎದುರು ಮನೆಯ ಅಜ್ಜಿ ಕನ್ನಡ ಅಕ್ಷರದ ಮೇಲೆ ಬೆರಳಾಡಿಸಿ, ತನ್ನ ಹೆಸರನ್ನೂ ಹಾಗೇ ಬರೆದುಕೊಡು ಅಂದರು.