ಕಟ್ಟಡ ಸಿಕ್ಕಿತು, ಬೀಗ ತೆಗೆಯುವವರು ಯಾರು?

ಈ ತಿಂಗಳೂ ಅದೇ ಗ್ರಂಥಾಲಯದ ಪ್ರಶ್ನೆ ಬಂದಿದೆ, ಊರಿನ ಹೆಸರು ಮಾತ್ರ ಬೇರೆ. ಒಮ್ಮೆ ದೀರ್ಘವಾಗಿಯೇ ಉತ್ತರಿಸಿ ಮುಗಿಸುತ್ತೇನೆ. ಉಳಿದವರು ಸ್ವಲ್ಪ ಜಾಗ ಬಿಟ್ಟುಕೊಡಬೇಕು.

ಪ್ರಶ್ನೆ: ಕೊಡಗಿನ ಕುಶಾಲನಗರದ ಸಮೀಪದವರು ನಾವು. ಇತ್ತೀಚೆಗೆ ನಮ್ಮ ಕಡೆ ಒಂದರ ಹಿಂದೆ ಒಂದು ಬಡಾವಣೆ ಎದ್ದಿವೆ. ಗ್ರಂಥಾಲಯದ ಶಾಖೆ ಬೇಕೆಂಬ ಆಸೆ ಎಲ್ಲರಿಗೂ ಇದೆ. ಹಿರಿಯರೊಬ್ಬರು ತಮ್ಮ ಬಾಣೆಯಲ್ಲಿ (ಗದ್ದೆಗೆ ಸೇರಿದ ಗುಡ್ಡದ ಜಮೀನಿನಲ್ಲಿ) ಹತ್ತು ಸೆಂಟು ಜಾಗ ಕೊಡುತ್ತಾರೆ. ಶಾಸಕರ ನಿಧಿಯಿಂದ ಕಟ್ಟಡಕ್ಕೆ ಹಣದ ಭರವಸೆಯೂ ಸಿಕ್ಕಿದೆ. ಇನ್ನೇನು ಮಾಡಬೇಕು?

ಉತ್ತರ: ಇನ್ನೇನು ಎಂದು ಕೇಳುತ್ತೀರಿ, ಇನ್ನೂ ಏನೂ ಆಗಿಲ್ಲ. ಗ್ರಂಥಾಲಯದ ಕೆಲಸಗಳಲ್ಲಿ ಎಲ್ಲಕ್ಕಿಂತ ಸುಲಭವಾದದ್ದು ಕಟ್ಟಡಕ್ಕೆ ಹಣ ತರುವುದು. ಕಟ್ಟಡಕ್ಕೆ ಶಂಕುಸ್ಥಾಪನೆಯ ಕಲ್ಲಿರುತ್ತದೆ, ಕಲ್ಲಿನ ಮೇಲೆ ಹೆಸರಿರುತ್ತದೆ. ಮೇಲ್ವಿಚಾರಕರ ಸಂಬಳಕ್ಕೆ, ಪತ್ರಿಕೆ ಹಾಕುವವರ ತಿಂಗಳ ಬಿಲ್ಲಿಗೆ ಯಾರೂ ಕಲ್ಲು ನೆಡುವುದಿಲ್ಲ. ಶಾಸಕರ ನಿಧಿಯಾಗಲಿ ಸಂಸದರ ನಿಧಿಯಾಗಲಿ ಬಾಳಿಕೆ ಬರುವ ಆಸ್ತಿಗೆ ಇರುವಂಥದ್ದು, ವರ್ಷವರ್ಷದ ಖರ್ಚಿಗಲ್ಲ. ಮೂರನೆಯ ವರ್ಷದ ಖರ್ಚು ಯಾರದು ಎಂಬುದಕ್ಕೆ ಉತ್ತರವಿಲ್ಲದೆ ಇಟ್ಟಿಗೆ ಇಳಿಸಬೇಡಿ.

ನಿಮ್ಮ ಮನೆ ಕಂದಾಯದ ರಸೀದಿಯನ್ನು ತೆಗೆದು ನೋಡಿ. ಆರೋಗ್ಯ ಕರ, ಭಿಕ್ಷುಕರ ಕರಗಳ ಸಾಲಿನಲ್ಲೇ ಗ್ರಂಥಾಲಯ ಕರವೂ ಇರುತ್ತದೆ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯಗಳ ಕಾಯ್ದೆಯಿಂದ ಬಂದ ಕರ ಅದು, ನೂರು ರೂಪಾಯಿ ಆಸ್ತಿ ತೆರಿಗೆಗೆ ಆರು ರೂಪಾಯಿ. ಗ್ರಂಥಾಲಯ ಬೇಕೆಂದು ಮನವಿ ಹಿಡಿದು ಬರುವವರಲ್ಲಿ ಹೆಚ್ಚಿನವರಿಗೆ ತಾವು ಆಗಲೇ ಅದಕ್ಕೆ ಹಣ ಕಟ್ಟುತ್ತಿದ್ದೇವೆ ಎಂಬುದೇ ತಿಳಿದಿರುವುದಿಲ್ಲ. ಲೆಕ್ಕಕ್ಕಾಗಿ ಹೇಳುತ್ತೇನೆ: ಮೂರು ಸಾವಿರ ಮನೆಗಳು, ಮನೆಗೆ 1,000 ರೂಪಾಯಿ ತೆರಿಗೆ ಎಂದಿಟ್ಟುಕೊಳ್ಳಿ. ತೆರಿಗೆ 30 ಲಕ್ಷ, ಗ್ರಂಥಾಲಯ ಕರ 1.80 ಲಕ್ಷ, ಅಂದರೆ ತಿಂಗಳಿಗೆ 15 ಸಾವಿರ. ಒಬ್ಬರ ಸಂಬಳ, ವಿದ್ಯುತ್ತು, ಪತ್ರಿಕೆ, ಹೊಸ ಪುಸ್ತಕ ಎಲ್ಲವೂ ಅದರಲ್ಲೇ ಆಗಬೇಕೆಂದರೆ ಆಗದು. ಅದೂ ಎಲ್ಲರೂ ತೆರಿಗೆ ಕಟ್ಟಿದರೆ, ಕಟ್ಟಿದ ಹಣ ಸೇರಬೇಕಾದ ಖಾತೆಗೆ ಸೇರಿದರೆ. ವಸೂಲಿ ಮಾಡಿದ ಕರವನ್ನು ವರ್ಗಾಯಿಸದೆ ಬಾಕಿ ಇಟ್ಟುಕೊಳ್ಳುವುದು ಸ್ಥಳೀಯ ಸಂಸ್ಥೆಗಳ ಹಳೆಯ ಕಾಯಿಲೆ. ಮಾಹಿತಿ ಹಕ್ಕಿನಲ್ಲಿ ಒಂದು ಅರ್ಜಿ ಹಾಕಿ, ಹಿಂದಿನ ಮೂರು ವರ್ಷಗಳಲ್ಲಿ ಎಷ್ಟು ವಸೂಲಾಯಿತು, ಎಷ್ಟು ವರ್ಗಾವಣೆಯಾಯಿತು, ಎಷ್ಟು ಖರ್ಚಾಯಿತು ಎಂದು ಕೇಳಿ. ಆ ಲೆಕ್ಕ ಕೈಗೆ ಬಂದ ಮೇಲೆ ಶಾಸಕರನ್ನು ಕಾಣಿರಿ.

ಅರ್ಜಿ ಯಾರಿಗೆ? ಇಲ್ಲಿಯೂ ಎಡವುತ್ತೀರಿ. 2019ರಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಹೋದವು. ಈಗ ಅರಿವು ಕೇಂದ್ರ ಎನ್ನುತ್ತಾರಲ್ಲ, ಅವೇ. ಪಟ್ಟಣದ ಶಾಖೆಗಳು ಮಾತ್ರ ಗ್ರಂಥಾಲಯ ಇಲಾಖೆಯಲ್ಲೇ ಉಳಿದವು. ನಿಮ್ಮ ಬಡಾವಣೆ ಪುರಸಭೆಯೊಳಗೋ ಪಂಚಾಯಿತಿಯೊಳಗೋ ಎಂದು ಪತ್ರದಲ್ಲಿ ಬರೆದೇ ಇಲ್ಲ. ಕುಶಾಲನಗರದಂತೆ ಪಟ್ಟಣ ಬೆಳೆದು ಪಕ್ಕದ ಪಂಚಾಯಿತಿಯನ್ನು ಒಳಗೆ ಹಾಕಿಕೊಳ್ಳುವ ಕಡೆಯಲ್ಲಿ ಇದನ್ನು ಮೊದಲು ಖಚಿತಪಡಿಸಿಕೊಳ್ಳದಿದ್ದರೆ ನಿಮ್ಮ ಕಡತ ಎರಡು ಕಚೇರಿಗಳ ನಡುವೆ ಮುದುಕಾಗುತ್ತದೆ.

ಇನ್ನು ಆ ಬಾಣೆ. ಹಿರಿಯರ ಮನಸ್ಸು ದೊಡ್ಡದು, ಒಪ್ಪುತ್ತೇನೆ. ಅದು ಜಮ್ಮಾ ಬಾಣೆಯೇ, ಅಂದರೆ ಕುಟುಂಬಕ್ಕೆ ವಂಶಪಾರಂಪರ್ಯವಾಗಿ ಬಂದದ್ದೇ? ಪಹಣಿಯಲ್ಲಿ ಕುಟುಂಬದ ಮುಖ್ಯಸ್ಥರಾದ ಪಟ್ಟೇದಾರರ ಹೆಸರಿನ ಜೊತೆ ಇನ್ನೆಷ್ಟು ಹಕ್ಕುದಾರರಿದ್ದಾರೆ? ಬೆಂಗಳೂರಿನಲ್ಲಿರುವ ದಾಯಾದಿ ಸಹಿ ಹಾಕಿದ್ದಾರೆಯೇ? ಬಾಯಿಮಾತಿನ ದಾನ ದಾನವಲ್ಲ. ನೋಂದಾಯಿತ ದಾನಪತ್ರ ಬೇಕು, ಭೂಪರಿವರ್ತನೆ ಬೇಕು. ನಿರ್ವಿವಾದದ ಪೈಸಾರಿ (ಸರ್ಕಾರಿ) ಜಾಗ ಪೇಟೆಯ ಹತ್ತಿರ ಎಲ್ಲಾದರೂ ಇದ್ದರೆ ಮೊದಲು ಅದನ್ನು ಕೇಳಿ.

ಜಾಗವನ್ನು ಜನವರಿಯಲ್ಲಿ ನೋಡಿ ಒಪ್ಪಬೇಡಿ, ಜುಲೈ-ಆಗಸ್ಟಿನ ಕಕ್ಕಡ ತಿಂಗಳ ಮಳೆಯಲ್ಲಿ ಕೊಡೆ ಹಿಡಿದು ಹೋಗಿ ನೋಡಿ. ಕೆಲವು ವರ್ಷಗಳ ಹಿಂದೆ ಒಂದೂರಿನ ಹೊಸ ಗ್ರಂಥಾಲಯಕ್ಕೆ ಜುಲೈಯಲ್ಲಿ ಹೋಗಿದ್ದೆ. ಊರಿನ ಹೆಸರು ಬೇಡ. ಗುಡ್ಡ ಕಡಿದು ಸಮತಟ್ಟು ಮಾಡಿ, ಬರೆಯಿಂದ, ಅಂದರೆ ಕಡಿದ ಗುಡ್ಡದ ಗೋಡೆಯಿಂದ, ಒಂದು ಮಾರು ಬಿಟ್ಟು ಕಟ್ಟಿದ್ದರು. ಹಿಂದಿನ ಗೋಡೆಗೂ ಕಪಾಟಿಗೂ ನಡುವೆ ಬೆರಳು ತೂರುತ್ತಿರಲಿಲ್ಲ. ಕೆಳಗಿನ ಸಾಲಿನಿಂದ ವಿಶ್ವಕೋಶದ ಒಂದು ಸಂಪುಟವನ್ನು ಎಳೆದರೆ ಅಕ್ಕಪಕ್ಕದ ಎರಡೂ ಅಂಟಿಕೊಂಡು ಜೊತೆಗೇ ಬಂದವು. ರಟ್ಟಿನ ಮೇಲೆ ಬಿಳಿ ಬೂಷ್ಟು, ಒಳಗಿನ ಹಾಳೆಗಳು ನೆನೆದ ಅವಲಕ್ಕಿ. ಉದ್ಘಾಟನೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಪುಸ್ತಕವಾದರೆ ಮತ್ತೆ ಕೊಳ್ಳಬಹುದು. 2018ರ ಆಗಸ್ಟಿನ ಭೂಕುಸಿತಗಳನ್ನು ಕಂಡ ಜಿಲ್ಲೆಯಲ್ಲಿ ಬರೆಯ ಬುಡದಲ್ಲಿ ಮಕ್ಕಳನ್ನು ಕೂರಿಸುವ ಕಟ್ಟಡಕ್ಕೆ ನಾನು ಸಲಹೆ ಕೊಡುವುದಿಲ್ಲ, ಎಷ್ಟು ಸಲ ಬರೆದರೂ ಇಲ್ಲ. ಕಾವೇರಿಯ ನೀರು ಬಂದು ಹೋದ ತಗ್ಗಿನ ಬಡಾವಣೆಗಳಿಗೂ ಇದೇ ಮಾತು.

ಕೊಡಗಿನ ಮನೆಗಳು ತೋಟಕ್ಕೊಂದರಂತೆ ಚದುರಿವೆ. ಎಲ್ಲರ ಮನೆಗೂ ಹತ್ತಿರವಾಗುವ ಜಾಗ ಹುಡುಕಿದರೆ ಎಲ್ಲರಿಗೂ ದೂರವೇ ಆಗುತ್ತದೆ. ಜನ ಹೇಗಿದ್ದರೂ ಪೇಟೆಗೆ ಬರುತ್ತಾರೆ, ಬಸ್ಸಿಗೆ ಕಾಯುತ್ತಾರೆ. ಶಾಲೆ ಬಿಟ್ಟ ಮಕ್ಕಳು ಬಸ್ ನಿಲ್ದಾಣದಲ್ಲಿ ನಿಂತಿರುವ ಆ ಮುಕ್ಕಾಲು ಗಂಟೆಯೇ ನಿಮ್ಮ ಓದುವ ಸಮಯ. ನಿಲ್ದಾಣದ ಹತ್ತಿರ ಒಂದು ಬಾಡಿಗೆ ಕೋಣೆ ಹಿಡಿದು, ಸಂಜೆ ಏಳರವರೆಗೆ ತೆರೆದಿಟ್ಟು, ಒಂದು ವರ್ಷ ಹಾಜರಿ ಪುಸ್ತಕ ಬರೆಯಿರಿ. ನನಗೆ ಅತಿಯಾದ ಎಚ್ಚರಿಕೆ ಎಂದು ಸ್ನೇಹಿತರು ನಗುತ್ತಾರೆ. ನಗಲಿ. ಆ ಹಾಜರಿ ಪುಸ್ತಕವನ್ನು ಮೇಜಿನ ಮೇಲಿಟ್ಟು ಕೇಳಿದಾಗ ಬರುವ ಉತ್ತರವೇ ಬೇರೆ.

ಪ್ರಶ್ನೆ: ಕೋಲ್ಕತ್ತದ ಕೇಂದ್ರ ಪ್ರತಿಷ್ಠಾನದಿಂದ ಅನುದಾನ ಕೊಡಿಸುತ್ತೇನೆ, ಶೇಕಡಾ ಹತ್ತು ಕೊಡಿ ಎಂದು ಒಬ್ಬರು ಬಂದಿದ್ದಾರೆ. ನಂಬಬಹುದೇ?

ಉತ್ತರ: ಕಾಫಿ ಕೊಟ್ಟು ಕಳುಹಿಸಿ. ರಾಜಾ ರಾಮಮೋಹನ ರಾಯ್ ಗ್ರಂಥಾಲಯ ಪ್ರತಿಷ್ಠಾನ 1972ರಿಂದ ಇದೆ. ರಾಜ್ಯವೂ ಪಾಲು ಹಾಕುವ ಯೋಜನೆಗಳಿವೆ, ಹಾಕದೆ ನಡೆಯುವವೂ ಇವೆ. ಅರ್ಜಿಗೆ ಇಲಾಖೆಯ ದಾರಿಯಿದೆ, ನಡುವೆ ದಲ್ಲಾಳಿಗೆ ಕೆಲಸವಿಲ್ಲ.

ಪ್ರಶ್ನೆ: ಮನೆಮನೆಯಿಂದ ಹಳೆಯ ಪುಸ್ತಕ ಸಂಗ್ರಹಿಸಿದರೆ ಸಾಲದೇ?

ಉತ್ತರ: ಪಠ್ಯ ಬದಲಾದ ಗೈಡುಗಳು ಮತ್ತು ಸ್ಮರಣ ಸಂಚಿಕೆಗಳು ಸಾಕಷ್ಟು ಸಿಗುತ್ತವೆ. ಬೇಕಾದ ಪುಸ್ತಕಗಳ ಪಟ್ಟಿ ಕೊಟ್ಟು ಕೇಳಿ, ಬೇಡವಾದದ್ದನ್ನು ಬಾಗಿಲಲ್ಲೇ ಬೇಡವೆನ್ನಿ. ಮಡಿಕೇರಿಯಲ್ಲೇ ಕೊಡವ ಅಕಾಡೆಮಿ, ಅರೆಭಾಷೆ ಅಕಾಡೆಮಿ ಎರಡೂ ಇವೆ. ಅವುಗಳ ಪ್ರಕಟಣೆಗಳಿಲ್ಲದ ಶಾಖೆ ಕೊಡಗಿನಲ್ಲಿದ್ದೇನು ಬಂತು?

ಪ್ರಶ್ನೆ: ಬೂಷ್ಟಿಗೆ ಬೇವಿನ ಎಲೆ ಇಟ್ಟರೆ ಸಾಕೇ? ಒಬ್ಬರು ಗಿಡಮೂಲಿಕೆಯ ದ್ರಾವಣ ಮಾರುತ್ತಿದ್ದಾರೆ.

ಉತ್ತರ: ಒಣಗಿದ ಬೇವಿನ ಎಲೆ ಪುಸ್ತಕದೊಳಗೆ ಪುಡಿಯಾಗುತ್ತದೆ, ಬೂಷ್ಟು ಹಾಗೆಯೇ ಇರುತ್ತದೆ. ದ್ರಾವಣದವರು ಮುಂದಿನ ಮಳೆಗಾಲಕ್ಕೆ ಬೇರೆ ಜಿಲ್ಲೆಯಲ್ಲಿರುತ್ತಾರೆ. ಬೂಷ್ಟಿಗೆ ಕಾರಣ ತೇವ. ಕಪಾಟು ಗೋಡೆಯಿಂದ ಒಂದು ಗೇಣು ದೂರ, ನೆಲದಿಂದ ಒಂದು ಗೇಣು ಎತ್ತರ ಇರಲಿ. ಬಿಸಿಲು ಕಂಡ ದಿನ ಕಿಟಕಿ ತೆರೆಯಿರಿ.

ಪ್ರಶ್ನೆ: ಎಲ್ಲರ ಕೈಯಲ್ಲೂ ಮೊಬೈಲ್ ಇರುವಾಗ ಗ್ರಂಥಾಲಯ ಏಕೆ?

ಉತ್ತರ: ಜುಲೈಯಲ್ಲಿ ಕರೆಂಟ್ ಹೋದ ನಾಲ್ಕನೆಯ ದಿನ, ತೋಟದ ಕಾರ್ಮಿಕರ ಲೈನ್ ಮನೆಯ ಮಕ್ಕಳನ್ನು ಕೇಳಿ.

ಪ್ರಶ್ನೆ: ವಾರದ ರಜೆಯನ್ನು ಸಂತೆಯ ದಿನಕ್ಕೆ ಇಡಬಹುದೇ?

ಉತ್ತರ: ಬೇಡ.