ನೆರೆ, ಗುಡ್ಡ ಕುಸಿತದ ಹೊತ್ತಿಗೆ ನಿಜವಾಗಿ ಉಪಯೋಗಕ್ಕೆ ಬರುವ ಸ್ವಯಂಸೇವಕನಾಗಲು ಏನು ಮಾಡಬೇಕು?

ಅಂಕೋಲಾ ಬಳಿಯ ಶಿರೂರಿನಲ್ಲಿ ಗುಡ್ಡ ಕುಸಿದಾಗ ಗೆಳೆಯರೊಡನೆ ಶಿರಸಿಯಿಂದ ಘಟ್ಟ ಇಳಿದು ಬಂದಿರಿ, ದೂರದಲ್ಲೇ ತಡೆದು ನಿಮ್ಮನ್ನು ವಾಪಸು ಕಳುಹಿಸಿದರು, ಮುಂದಿನ ಮಳೆಗಾಲಕ್ಕಾದರೂ ಉಪಯೋಗಕ್ಕೆ ಬರಬೇಕೆಂದರೆ ಏನು ಮಾಡಬೇಕೆಂದು ಕೇಳಿದ್ದೀರಿ. ನಾನು ಅಂಕೋಲಾ ತಾಲೂಕಿನ ಗಂಗಾವಳಿ ದಡದವನು. 2019 ಮತ್ತು 2021ರ ನೆರೆಗಳಲ್ಲಿ ಮನೆ ಬಿಟ್ಟು ಬಂದವರನ್ನು ಇರಿಸುವ ನಮ್ಮೂರಿನ ಕಾಳಜಿ ಕೇಂದ್ರದಲ್ಲಿ ಕೆಲಸ ಮಾಡಿದ್ದೇನೆ. ಆ ಅನುಭವದಿಂದ ಹೇಳುವುದಾದರೆ, ಸ್ವಯಂಸೇವಕನ ಕೆಲಸದ ಮುಕ್ಕಾಲು ಪಾಲು ಮೇ ತಿಂಗಳಲ್ಲಿ, ಅವನದೇ ಕೇರಿಯಲ್ಲಿ ಮುಗಿದಿರಬೇಕು.

ನಿಮ್ಮನ್ನು ತಡೆದದ್ದು ಸರಿಯೇ ಆಗಿತ್ತು. 2024ರ ಜುಲೈ 16ರಂದು ಕುಸಿದ ಆ ಗುಡ್ಡ ಹೆದ್ದಾರಿಯನ್ನು ದಾಟಿ ಗಂಗಾವಳಿ ಹೊಳೆಗೆ ಬಿದ್ದಿತ್ತು ಮತ್ತು ಮಳೆ ಇನ್ನೂ ಸುರಿಯುತ್ತಿತ್ತು. ಸೆಳವು ಎಷ್ಟಿತ್ತೆಂದರೆ ನುರಿತ ಮುಳುಗುಗಾರರೇ ಕೆಲಸ ನಿಲ್ಲಿಸಿ ಕಾಯಬೇಕಾಯಿತು. ಆ ಕುಸಿತಕ್ಕೆ ಸಿಕ್ಕಿ ಹೊಳೆಯ ತಳ ಸೇರಿದ್ದ ಲಾರಿಯೊಂದು ಮೇಲೆ ಬಂದದ್ದು ಸೆಪ್ಟೆಂಬರ್ 25ಕ್ಕೆ. ಅಂಥ ಜಾಗಕ್ಕೆ ತರಬೇತಿಯಿಲ್ಲದವರು ಬಂದರೆ ರಕ್ಷಣಾ ಪಡೆಯವರು ಕಾಯಬೇಕಾದ ಜೀವಗಳು ಹೆಚ್ಚುತ್ತವೆಯೇ ಹೊರತು ಕೈಗಳು ಹೆಚ್ಚುವುದಿಲ್ಲ. ನನ್ನನ್ನು ಈಗಲೂ ಕಾಡುವುದು ಉಳುವರೆ. ಗುಡ್ಡ ಇದ್ದದ್ದು ಒಂದು ದಡದಲ್ಲಿ. ಮಣ್ಣು ಬಿದ್ದ ರಭಸಕ್ಕೆ ಎದ್ದ ನೀರು ಹೊಡೆದದ್ದು ಎದುರು ದಡದ ಉಳುವರೆಯ ಮನೆಗಳಿಗೆ. ಆ ಗಳಿಗೆಯಲ್ಲಿ ಅಲ್ಲಿದ್ದವರು ನೆರೆಮನೆಯವರು ಮಾತ್ರ. ಅದೇ ವರ್ಷ ಆಗಸ್ಟ್ 7ರ ನಡುರಾತ್ರಿ ಕಾರವಾರದಲ್ಲಿ ಕಾಳಿ ನದಿಯ ಹಳೆಯ ಸೇತುವೆ ಕುಸಿದು ಲಾರಿಯೊಂದು ನೀರಿಗೆ ಬಿದ್ದಾಗ ಚಾಲಕನನ್ನು ಉಳಿಸಲು ಪೊಲೀಸರೊಡನೆ ದೋಣಿ ಹಿಡಿದವರೂ ಅಲ್ಲಿಯ ಮೀನುಗಾರರೇ.

ಆದ್ದರಿಂದ ಮೊದಲು ನಿಮ್ಮ ಕೇರಿಯ ಪಟ್ಟಿಯನ್ನು ಬರೆಯಿರಿ. ಇದು ಸಣ್ಣ ಕೆಲಸವೆಂದು ತೋರಬಹುದು. ನಮಗೂ ಹಾಗೇ ತೋರಿತ್ತು. 2019ರ ಆಗಸ್ಟಿನಲ್ಲಿ ನೀರು ನುಗ್ಗಿದಾಗ ನಾವು ಪಡಿತರ ಚೀಟಿಯ ಹೆಸರುಗಳನ್ನು ಕೂಗಿ, ಎಲ್ಲರೂ ಬಂದರೆಂದು ನಂಬಿ ದೋಣಿಯನ್ನು ಕಟ್ಟಿದ್ದೆವು. ಮನೆಯವರು ಚಿಕಿತ್ಸೆಗೆಂದು ಹುಬ್ಬಳ್ಳಿಗೆ ಹೋಗಿದ್ದರಿಂದ ಖಾಲಿಯೆಂದು ನಾವು ಬಿಟ್ಟಿದ್ದ ಮನೆಯ ಅಟ್ಟದ ಮೇಲೆ, ಮನೆ ಕಾಯಲು ಬಂದಿದ್ದ ವೃದ್ಧೆಯೊಬ್ಬರು ಕುಳಿತಿದ್ದರು. ಮೂರು ಗಂಟೆಗಳ ನಂತರ ಅವರ ಕೂಗು ಕೇಳಿ ಕರೆತಂದೆವು. ಚೀಟಿಯಲ್ಲಿ ಹೆಸರಿರುವವರು ಬೇರೆ, ಆ ರಾತ್ರಿ ಆ ಮನೆಯಲ್ಲಿ ಮಲಗಿರುವವರು ಬೇರೆ ಎಂಬುದು ನಮಗೆ ಅಂದು ತಿಳಿಯಿತು. ಈಗ ನಮ್ಮ ಪಟ್ಟಿಯಲ್ಲಿ ನಡೆಯಲಾರದವರು, ದಿನ ತುಂಬಿದ ಬಸುರಿಯರು, ಇನ್ಸುಲಿನ್ ಅಥವಾ ಡಯಾಲಿಸಿಸ್ ಬೇಕಾದವರು, ದೋಣಿ ಯಾರದು, ಹುಟ್ಟು ಹಾಕಬಲ್ಲವರು ಯಾರು, ಶಾಲೆಯ ಬೀಗದ ಕೈ ಯಾರ ಮನೆಯಲ್ಲಿದೆ ಎಂಬುದೆಲ್ಲ ಇದೆ. ದನಗಳ ಲೆಕ್ಕವೂ ಇದೆ, ಏಕೆಂದರೆ ಕೊಟ್ಟಿಗೆಯಲ್ಲಿ ದನ ಕಟ್ಟಿರುವಾಗ ಎಷ್ಟು ಕರೆದರೂ ಮನೆ ಬಿಡದವರು ಬಹಳ ಜನ. ದನಗಳನ್ನು ಯಾವ ದಿಬ್ಬಕ್ಕೆ ಅಟ್ಟಬೇಕೆಂದು ಮೊದಲೇ ಗೊತ್ತಿದ್ದರೆ ಆ ಮನೆಯವರೂ ಬೇಗ ಹೊರಡುತ್ತಾರೆ.

ನಿಮ್ಮ ಕಡೆಗೆ ಗುಡ್ಡದ ಮೇಲಿನ ಗಮನವೂ ಅಷ್ಟೇ ಮುಖ್ಯ. ಧರೆಯ, ಅಂದರೆ ಕಡಿದಾದ ಮಣ್ಣಿನ ಇಳಿಜಾರಿನ, ತಲೆಯಲ್ಲಿ ಹೊಸ ಬಿರುಕು, ವಾಲುತ್ತಿರುವ ಮರಗಳು, ತಿಳಿಯಾಗಿದ್ದ ಒರತೆ ಇದ್ದಕ್ಕಿದ್ದಂತೆ ಕೆಂಪಾಗುವುದು ಅಥವಾ ನಿಲ್ಲುವುದು, ಇವು ಕಂಡರೆ ಯಾರ ಅಪ್ಪಣೆಗೂ ಕಾಯದೆ ಕೆಳಗಿನ ಮನೆಗಳನ್ನು ಖಾಲಿ ಮಾಡಿಸಿ, ಜಿಲ್ಲಾ ನಿಯಂತ್ರಣ ಕೊಠಡಿಯ 1077 ಅಥವಾ 112ಕ್ಕೆ ಕರೆ ಮಾಡಬೇಕು. 2009ರ ಅಕ್ಟೋಬರಿನಲ್ಲಿ ಕಾರವಾರದ ಕಡವಾಡದಲ್ಲಿ ಗುಡ್ಡ 19 ಜನರನ್ನು ಬಲಿ ತೆಗೆದುಕೊಂಡಿತು. 2021ರಲ್ಲಿ ನಿಮ್ಮ ಪಕ್ಕದ ಯಲ್ಲಾಪುರ ತಾಲೂಕಿನ ಕಳಚೆಯಲ್ಲಿ ಅಡಿಕೆ ತೋಟಗಳೇ ಜಾರಿ ಹೋದವು.

ತರಬೇತಿಗೆ, ಊರಿನ ಸ್ವಯಂಸೇವಕರಿಗೆ ವಿಪತ್ತಿನ ಹೊತ್ತಿನ ರಕ್ಷಣಾ ಕೆಲಸ ಕಲಿಸುವ ಸರ್ಕಾರದ ‘ಆಪದ ಮಿತ್ರ’ ಯೋಜನೆಯಿದೆ. ಹನ್ನೆರಡು ದಿನಗಳ ಆ ತರಬೇತಿಯ ಮುಂದಿನ ತಂಡ ಯಾವಾಗ ಎಂದು ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರದಲ್ಲಿ ವಿಚಾರಿಸಿ. ಸಾಮಗ್ರಿಯ ವಿಷಯದಲ್ಲಿ ಒಂದೇ ವಿನಂತಿ: ಹಳೆಯ ಬಟ್ಟೆಯ ಮೂಟೆ ಬೇಡ. ನಮ್ಮ ಕೇಂದ್ರದಲ್ಲಿ ಅವು ಗೋಡೆಯೆತ್ತರ ಒದ್ದೆಯಾಗಿ ಬಿದ್ದಿದ್ದಾಗ ರಕ್ತದೊತ್ತಡದ ಮಾತ್ರೆ, ಸ್ಯಾನಿಟರಿ ಪ್ಯಾಡ್, ಬಾವಿಗೆ ಹಾಕುವ ಬ್ಲೀಚಿಂಗ್ ಪುಡಿ ಸಿಗುತ್ತಿರಲಿಲ್ಲ. ಕಾಲಿನಲ್ಲಿ ಗಾಯವಿದ್ದರೆ ನೆರೆಯ ನೀರಿಗೆ ಇಳಿಯಬೇಡಿ. ಇಳಿಯಲೇಬೇಕಾದರೆ ಬೂಟು ಹಾಕಿ, ಇಲಿಜ್ವರ ತಡೆಯುವ ಮಾತ್ರೆಯ ಬಗ್ಗೆ ವೈದ್ಯರನ್ನು ಕೇಳಿ.

ಇನ್ನೊಂದು ಕೆಲಸ ಶಿರಸಿಯಲ್ಲೇ ಕುಳಿತು ಮಾಡುವಂಥದ್ದು. ನಿಮ್ಮ ಕಡೆಯ ಬೇಡ್ತಿಯೇ ನಮ್ಮಲ್ಲಿ ಗಂಗಾವಳಿ. ಅಮಾವಾಸ್ಯೆ, ಹುಣ್ಣಿಮೆಗಳ ದೊಡ್ಡ ಉಬ್ಬರದ ಹೊತ್ತಿಗೇ ಘಟ್ಟದ ನೀರು ಇಳಿದು ಬಂದರೆ ಅಳಿವೆಯಲ್ಲಿ ಅದು ಸಮುದ್ರ ಸೇರಲಾರದೆ ನಮ್ಮ ಗದ್ದೆಗಳಿಗೆ ಹಿಂದಿರುಗುತ್ತದೆ. 24 ಗಂಟೆಯಲ್ಲಿ 204.4 ಮಿ.ಮೀ. ದಾಟಿದರೆ ಹವಾಮಾನ ಇಲಾಖೆ ಅದನ್ನು ಅತ್ಯಂತ ಭಾರಿ ಮಳೆಯೆಂದು ವರ್ಗೀಕರಿಸುತ್ತದೆ; ಆದರೆ ನಮಗೆ ಆ ಅಂಕಿ ಮರುದಿನ ಬೆಳಿಗ್ಗೆ ತಿಳಿದರೆ ಸಾಲದು. ನಮ್ಮ ಕೇರಿಯ ಪಟ್ಟಿಯ ಕೊನೆಯ ಪುಟದಲ್ಲಿ ಘಟ್ಟದ ಮೇಲಿನ ನಾಲ್ವರು ಅಡಿಕೆ ಬೆಳೆಗಾರರ ಹೆಸರುಗಳಿವೆ. ತೋಟದ ಮಳೆಮಾಪಕ ಸಂಜೆಯೊಳಗೆ ತುಂಬಿದರೆ ಅವರು ಕರೆ ಮಾಡುತ್ತಾರೆ, ನಾವು ದೋಣಿಯ ಹಗ್ಗ ನೋಡಿಕೊಂಡು ಶಾಲೆಯ ಬೀಗ ತೆಗೆಯುತ್ತೇವೆ. ನಿಮ್ಮ ಮನೆಯಲ್ಲಿ ಮಳೆಮಾಪಕ ಇದ್ದರೆ, ಕೆಳಗಿನ ಹೊಳೆದಂಡೆಯ ಯಾವುದಾದರೂ ಒಂದು ಕೇರಿಯವರ ಪರಿಚಯವನ್ನು ಈ ಮೇ ತಿಂಗಳೊಳಗೆ ಮಾಡಿಕೊಳ್ಳಿ.