ರಾತ್ರಿ ಮೆಜೆಸ್ಟಿಕ್‌ಗೆ ಹೋಗುವುದು ಬೇಡ

ತೀರ್ಥಹಳ್ಳಿಯಿಂದ ಅಪ್ಪ, ಅಮ್ಮ ಇಬ್ಬರೇ ಹೊರಟಿದ್ದಾರೆ, ಶಿವಮೊಗ್ಗದ ಸೋಗಾನೆ ವಿಮಾನ ನಿಲ್ದಾಣದಿಂದ ಬೆಂಗಳೂರಿಗೆ ಬಂದು ಬೆಳಗಿನ ಜಾವ ನಾಲ್ಕೂವರೆಗೆ ದುಬೈ ವಿಮಾನ ಹತ್ತಬೇಕು, ರಾತ್ರಿಗೆ ಮೆಜೆಸ್ಟಿಕ್‌ನಲ್ಲಿ ರೂಮ್ ಮಾಡಲಾ ಅಂತ ಕೇಳಿದ್ದೀರಿ. ದಯವಿಟ್ಟು ಬೇಡ. ಬೆಂಗಳೂರು ಏರ್‌ಪೋರ್ಟಿನಿಂದ ಅದು ಸುಮಾರು 35 ಕಿ.ಮೀ. ಸಂಜೆ ಹೆಬ್ಬಾಳದ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡರೆ ವಯಸ್ಸಾದವರು ಸುಮ್ನೆ ಸುಸ್ತಾಗುತ್ತಾರೆ.

ಏರ್‌ಪೋರ್ಟಿಗೆ ಹತ್ತಿರದ ದೇವನಹಳ್ಳಿ ಅಥವಾ ಸಾದಹಳ್ಳಿ ಕಡೆ ರೂಮ್ ನೋಡಿ. ಬುಕ್ ಮಾಡುವ ಮುಂಚೆ ನೀವೇ ಫೋನ್ ಮಾಡಿ, ರಾತ್ರಿ ಒಂದು ಗಂಟೆಗೆ ಬಿಟ್ಟು ಬರಲು ಗಾಡಿ, ಡ್ರೈವರ್ ಇರುತ್ತಾರಾ ಅಂತ ಕೇಳಿ. ಮೂರು ಗಂಟೆ ಮುಂಚೆ ಅಲ್ಲಿರಬೇಕು ಅಲ್ವಾ? ‘ನೋಡೋಣ ಸಾರ್’ ಅಂದರೆ ಆ ಹೋಟೆಲ್ ಬಿಟ್ಟುಬಿಡಿ. ಏರ್‌ಪೋರ್ಟ್ ಆವರಣದ ಒಳಗೇ ತಾಜ್ ಹೋಟೆಲ್ ಇದೆ, ಬಾಡಿಗೆ ಜಾಸ್ತಿ.

ಡ್ರೈವರ್‌ಗೆ ‘ಟರ್ಮಿನಲ್ 2’ ಅಂತಲೇ ಹೇಳಲಿ. 2023ರ ಸೆಪ್ಟೆಂಬರ್‌ನಿಂದ ವಿದೇಶದ ವಿಮಾನಗಳು ಅಲ್ಲಿಂದಲೇ. ಬಾಗಿಲಲ್ಲೇ ಟಿಕೆಟ್, ಪಾಸ್‌ಪೋರ್ಟ್ ನೋಡುತ್ತಾರೆ. ಟಿಕೆಟ್ ಪ್ರಿಂಟ್ ಅಮ್ಮನ ಕೈಚೀಲದಲ್ಲಿರಲಿ, ಫೋನ್ ಚಾರ್ಜ್ ನಂಬಬೇಡಿ.

ಅಪ್ಪೆಮಿಡಿ ಉಪ್ಪಿನಕಾಯಿ ಖಂಡಿತ ಇರುತ್ತದೆ! ಅದನ್ನು ಕೈಚೀಲದಲ್ಲಿ ಇಡಬೇಡಿ, ಸೆಕ್ಯುರಿಟಿಯಲ್ಲಿ ತೆಗೆಸುತ್ತಾರೆ. ಡಬ್ಬಿಯ ಮುಚ್ಚಳಕ್ಕೆ ಟೇಪ್ ಸುತ್ತಿ, ಎರಡು ಪ್ಲಾಸ್ಟಿಕ್ ಕವರ್ ಹಾಕಿ, ಹಳೇ ಟವೆಲ್ಲಿನಲ್ಲಿ ಕಟ್ಟಿ ದೊಡ್ಡ ಸೂಟ್‌ಕೇಸಿನ ನಡುವೆ ಇಡಿ.

ಅಪ್ಪನಿಗೆ ಮಂಡಿನೋವು ಅಂದಿದ್ದೀರಿ. ವಿಮಾನ ಕಂಪನಿಗೆ ಎರಡು ದಿನ ಮುಂಚೆಯೇ ವೀಲ್‌ಚೇರ್ ಹೇಳಿಡಿ. ತಳ್ಳುವವರು ಇಮಿಗ್ರೇಷನ್ ದಾಟಿಸಿ ಗೇಟಿನವರೆಗೂ ಜೊತೆಗಿರುತ್ತಾರೆ. ಅಮ್ಮನಿಗೂ ದಾರಿ ಹುಡುಕುವ ಚಿಂತೆ ಇರುವುದಿಲ್ಲ.